ಪೋಸ್ಟು ಒಂದೇ, ಮನೆತನ ಮೂರು

ಈ ಸಲದ ಅಂಕಣ ಪೂರ್ತಿ ಒಂದೇ ಪದಕ್ಕೆ. ಹಾಸನದ ಹುಡುಗಿಯೊಬ್ಬಳು 'ಪೋಸ್ಟ್' ಬಗ್ಗೆ ಕೇಳಿದ್ದಳು. ಹೋದ ತಿಂಗಳು ಜಾಗ ಸಾಲದೆ ಅವಳ ಪ್ರಶ್ನೆಯನ್ನು ಉಳಿಸಿಕೊಂಡೆ. 'ಮುಂದಿನ ಸಂಚಿಕೆಯಲ್ಲಿ ಪೋಸ್ಟ್' ಎಂದು ಸಂಪಾದಕರು ಒಂದು ಸಾಲು ಹಾಕಿದ್ದೇ ತಡ, ಉಳಿದವರಿಗೂ ಅದೇ ಹುಳ ಹೊಕ್ಕಿತು. ಬಂದ ಪ್ರಶ್ನೆಗಳೆಲ್ಲ ಅದರದ್ದೇ.

ನಾನು ಅರಸೀಕೆರೆಯಲ್ಲಿ ಕೂತು ಬರೆಯುವಾಗ ಪಕ್ಕದ ಕುರ್ಚಿಯಲ್ಲಿ ನಮ್ಮ ಮನೆಯವರು ಇರುತ್ತಾರೆ. ರೈಲ್ವೆ ಮೇಲ್ ಸರ್ವಿಸ್ಸಿನಲ್ಲಿ ಸಾರ್ಟರ್ ಆಗಿದ್ದವರು. ಓಡುವ ರೈಲಿನ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಕಾಗದ ವಿಂಗಡಿಸಿದವರು. ಪೋಸ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ನೆ ಇರುವ ಪೈಕಿ ಅಲ್ಲ. ಹಾಗಾಗಿ ಉತ್ತರಗಳಲ್ಲಿ ಅವರ ಮಾತೂ ಅಲ್ಲಲ್ಲಿ ನುಸುಳಿದೆ.

ಪ್ರಶ್ನೆ: ಟೀಚರ್, ಲೈಟಿನ ಕಂಬವೂ ಪೋಸ್ಟ್, ಕಾಗದ ಕಳಿಸುವುದೂ ಪೋಸ್ಟ್, ಸರ್ಕಾರಿ ಕೆಲಸವೂ ಪೋಸ್ಟ್. ಪೋಸ್ಟ್‌ಮಾರ್ಟಂ ಅನ್ನುವುದರಲ್ಲೂ ಅದೇ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂತು?
— ಬಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಅದು ಒಂದೇ ಪದ ಅಲ್ಲಮ್ಮ. ನಮ್ಮಲ್ಲಿ 'ಕರಿ' ಇದೆ ನೋಡು. ಕರಿ ಅಂದರೆ ಕಪ್ಪು, ಹಪ್ಪಳ ಕರಿಯುವುದೂ ಕರಿಯೇ, ಸಂಸ್ಕೃತದಿಂದ ಬಂದ ಕರಿ ಅಂದರೆ ಆನೆ. ಆನೆಯ ಕರಿಗೂ ಉಳಿದ ಕರಿಗೂ ಸಂಬಂಧವಿಲ್ಲ, ಮುಖ ಮಾತ್ರ ಒಂದೇ. ಪೋಸ್ಟ್ ಕಥೆಯೂ ಹಾಗೆಯೇ. ಮೂರೂ ಲ್ಯಾಟಿನ್ನಿನಿಂದ ಬಂದವು. ಆದರೆ ಬೇರೆ ಬೇರೆ ಮನೆಯವು.

ಮೊದಲನೆಯದು 'ಪೋಸ್ಟಿಸ್'. ಬಾಗಿಲಿನ ಪಕ್ಕದ ಕಂಬ. ಲ್ಯಾಂಪ್ ಪೋಸ್ಟ್, ಗೋಲ್ ಪೋಸ್ಟ್, ಬೇಲಿಗೆ ನೆಡುವ ಕಂಬ, ಎಲ್ಲ ಇದರ ಮಕ್ಕಳು. ಇನ್ನೊಂದು 'ಪೋಸ್ಟ್' ಎಂದೇ ಇದ್ದ ಪದ, ಅರ್ಥ 'ಆಮೇಲೆ'. ಪೋಸ್ಟ್‌ಮಾರ್ಟಂ ಅಂದರೆ ಸಾವಿನ ಆಮೇಲೆ. ಗಡಿಯಾರದ ಪಿ.ಎಂ. ಅಂದರೆ ನಡುಹಗಲಿನ ಆಮೇಲೆ. ಕಾಗದದ ಕೆಳಗೆ ಬರೆಯುವ ಪಿ.ಎಸ್. ಅಂದರೆ ಬರೆದು ಮುಗಿಸಿದ ಆಮೇಲೆ. ಪದವಿಯ ಆಮೇಲೆ ಓದುವುದು ಪೋಸ್ಟ್ ಗ್ರಾಜುಯೇಟ್. ಅದರ ಪಿ.ಜಿ.ಯನ್ನು ಬೆಂಗಳೂರಿನ ಬಾಡಿಗೆ ರೂಮುಗಳು ಕಿತ್ತುಕೊಂಡು ಬಹಳ ಕಾಲವಾಯಿತು, ಅದು ಬೇರೆ ಮಾತು.

ಮೂರನೆಯದೇ ಸ್ವಾರಸ್ಯ. ಲ್ಯಾಟಿನ್ನಿನಲ್ಲಿ 'ಪೊನೆರೆ' ಅಂದರೆ ಇಡುವುದು. 'ಪೊಸಿಟ' ಅಂದರೆ ಇಟ್ಟದ್ದು. ಇಟ್ಟದ್ದು ಕಾಗದವಲ್ಲ, ಕುದುರೆ! 16ನೇ ಶತಮಾನದ ಇಂಗ್ಲೆಂಡ್. ಎಂಟನೇ ಹೆನ್ರಿ ದೊರೆ. ಅವನ ಆಜ್ಞೆಗಳು ಬೇಗ ಮುಟ್ಟಬೇಕು ಎಂದು ದಾರಿಯುದ್ದಕ್ಕೂ ಅಲ್ಲಲ್ಲಿ ಕುದುರೆ ಮತ್ತು ಸವಾರರನ್ನು ಇರಿಸುತ್ತಿದ್ದರು. ಒಬ್ಬ ತಂದದ್ದನ್ನು ಇನ್ನೊಬ್ಬ ಹೊಸ ಕುದುರೆಯ ಮೇಲೆ ಮುಂದಕ್ಕೆ ಒಯ್ಯುತ್ತಿದ್ದ. ಹಾಗೆ ಇರಿಸಿದವರೇ ಪೋಸ್ಟ್. ಈ ಏರ್ಪಾಟು ನೋಡಿಕೊಳ್ಳಲು ದೊರೆ ಬ್ರಯನ್ ಟ್ಯೂಕ್ ಎಂಬವನನ್ನು ನೇಮಿಸಿದ್ದ. ಅವನ ಹುದ್ದೆಯ ಹೆಸರು ಮಾಸ್ಟರ್ ಆಫ್ ದಿ ಪೋಸ್ಟ್ಸ್. ನಮ್ಮೂರಿನ ಪೋಸ್ಟ್ ಮಾಸ್ಟರ್ ಹೆಸರಿನ ಹಿರೀಕ ಅವನೇ ಅನ್ನಬಹುದು. ಆಮೇಲೆ ಸವಾರನ ಹೆಸರು ಅವನು ಹೊತ್ತ ಚೀಲಕ್ಕೆ ಬಂತು, ಚೀಲದಿಂದ ಕಾಗದಕ್ಕೆ ಬಂತು. ತುರ್ತು ಕಾಗದದ ಮೇಲೆ 'ಹೇಸ್ಟ್, ಪೋಸ್ಟ್, ಹೇಸ್ಟ್' ಎಂದು ಬರೆಯುವ ರೂಢಿಯಿತ್ತು. ಓಡು ಸವಾರ ಓಡು ಅಂದ ಹಾಗೆ. 'ಪೋಸ್ಟ್‌ಹೇಸ್ಟ್' ಎಂಬ ಪದ ಉಳಿದದ್ದು ಅಲ್ಲಿಂದ.

"ನಮ್ಮಲ್ಲಿ ಕುದುರೆಗಿಂತ ಕಾಲು ಜಾಸ್ತಿ ಓಡಿದ್ದು, ಅದನ್ನೂ ಬರಿ" ಎಂದರು ಪಕ್ಕದ ಕುರ್ಚಿಯವರು. ನಿಜ. ಮೈಸೂರು ಸೀಮೆಗೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಏರ್ಪಾಟು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರುವವರೆಗೂ ನಡೆಯಿತು. ಒಡೆಯರ ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ಆಯಾ ಊರಿನ ಗುಟ್ಟು ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಊರಿನ ಸುದ್ದಿ ಅಂಚೆಯಣ್ಣನಿಗೆ ಮೊದಲು ಗೊತ್ತು ಅನ್ನುವುದು ಇವತ್ತಿನ ಮಾತಲ್ಲ.

ಕೆಲಸ ಎಂಬ ಅರ್ಥದ ಪೋಸ್ಟ್ ಕೂಡ ಈ 'ಇಟ್ಟ' ಮನೆಯದ್ದೇ. ಕಾವಲಿನವನನ್ನು ಒಂದು ಜಾಗದಲ್ಲಿ ನಿಲ್ಲಿಸಿದರೆ ಆ ಜಾಗ ಅವನ ಪೋಸ್ಟ್. ಅತ್ತಿಬೆಲೆ ಚೆಕ್‌ಪೋಸ್ಟು ಈ ಸಾಲಿಗೆ ಸೇರಿದ್ದು. ಅಲ್ಲಿ ಅಡ್ಡಗಂಬ ಇತ್ತು ಅಂತ ಕಂಬದ ಮನೆಗೆ ಸೇರಿಸಬೇಡ. ಯೋಧರ ಅಂತ್ಯಕ್ರಿಯೆಯಲ್ಲಿ ಕಹಳೆಯಲ್ಲಿ ನುಡಿಸುವ 'ಲಾಸ್ಟ್ ಪೋಸ್ಟ್' ಕೂಡ ಇಲ್ಲಿಯದೇ. ರಾತ್ರಿ ಕಾವಲಿನ ಜಾಗಗಳನ್ನೆಲ್ಲ ನೋಡಿಕೊಂಡು ಬಂದು, ಕೊನೆಯದೂ ಮುಗಿಯಿತು ಎಂದು ತಿಳಿಸಲು ಬ್ರಿಟಿಷ್ ಸೈನ್ಯದಲ್ಲಿ ಊದುತ್ತಿದ್ದ ಕಹಳೆ ಅದು. ಮನೆಗೆ ಬರುವ ಕೊನೆಯ ಕಾಗದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹಾಗಾದರೆ ಫೇಸ್‌ಬುಕ್ಕಿನಲ್ಲಿ ಪೋಸ್ಟ್ ಹಾಕುತ್ತೇವಲ್ಲ, ಅದು ಅಂಚೆಯದ್ದು ತಾನೇ? ನನ್ನ ಗೆಳೆಯನ ಜೊತೆ ಪಂಥ ಕಟ್ಟಿದ್ದೇನೆ.
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಪಂಥ ಸೋತಿರಿ. ಗೆಳೆಯರಿಗೆ ಬೆಣ್ಣೆ ದೋಸೆ ಕೊಡಿಸಿ.

ಫೇಸ್‌ಬುಕ್ಕಿನ ಪೋಸ್ಟು ಕಂಬದ ಮನೆಯದ್ದು. ಅಚ್ಚು ಹಾಕಿದ ಪ್ರಕಟಣೆಯನ್ನು ಊರಿನ ಕಂಬಕ್ಕೋ ಗೋಡೆಗೋ ಅಂಟಿಸುವುದಕ್ಕೆ ಇಂಗ್ಲಿಷಿನಲ್ಲಿ ಪೋಸ್ಟ್ ಮಾಡುವುದು ಎಂಬ ಕ್ರಿಯಾಪದ ಹುಟ್ಟಿತು. ಅಂಟಿಸಿದ ಹಾಳೆ ಪೋಸ್ಟರ್ ಆಯಿತು. ಆಮೇಲೆ ಆಫೀಸು, ಕಾಲೇಜುಗಳ ನೋಟಿಸ್ ಬೋರ್ಡಿಗೂ ಅದೇ ಮಾತು. ಅಲ್ಲಿಂದ ಅದು ಕಂಪ್ಯೂಟರಿಗೂ ಹಾರಿತು. 1978ರ ಜನವರಿಯಲ್ಲಿ ಶಿಕಾಗೋದಲ್ಲಿ ಭಾರಿ ಹಿಮ ಬಿತ್ತು. ಮನೆಯಿಂದ ಹೊರಬರುವ ಹಾಗಿಲ್ಲ. ವಾರ್ಡ್ ಕ್ರಿಸ್ಟೆನ್‌ಸನ್, ರ‍್ಯಾಂಡಿ ಸೂಸ್ ಎಂಬ ಇಬ್ಬರು ಕಂಪ್ಯೂಟರ್ ಹುಚ್ಚಿನವರು ಆಗ ಒಂದು ಏರ್ಪಾಟಿಗೆ ಕೈ ಹಾಕಿದರು. ಫೋನ್ ಲೈನಿನ ಮೂಲಕ ಒಬ್ಬರು ಬರೆದಿಟ್ಟದ್ದನ್ನು ಉಳಿದವರು ಓದಬಹುದು. ಅದಕ್ಕೆ ಅವರಿಟ್ಟ ಹೆಸರು ಬುಲೆಟಿನ್ ಬೋರ್ಡ್. ಗುಂಡುಸೂಜಿಯಿಂದ ಚೀಟಿ ಚುಚ್ಚುವ ಹಲಗೆ ಇರುತ್ತದಲ್ಲ, ಅದೇ ಅವರ ತಲೆಯಲ್ಲಿದ್ದದ್ದು. ಹಲಗೆಗೆ ಚೀಟಿ ಪೋಸ್ಟ್ ಮಾಡುವ ಮಾತು ಹೀಗೆ ಪರದೆಯೊಳಗೆ ಹೋಯಿತು.

ಫೇಸ್‌ಬುಕ್ಕಿನವರು ಆ ಜಾಗಕ್ಕೆ ಇಟ್ಟಿದ್ದ ಹೆಸರು ನೆನಪಿದೆಯಾ? ವಾಲ್. ಗೋಡೆ. ಅಂಚೆ ಡಬ್ಬಿ ಎಂದು ಹೆಸರಿಡಲಿಲ್ಲ.

"ಹಂಗಾದ್ರೆ ಇನ್‌ಬಾಕ್ಸ್ ಯಾರದ್ದೇ?" ಎಂದು ಕೇಳಿದರು ಇವರು. ಇಲಾಖೆಯ ಅಭಿಮಾನ ನೋಡಿ. ಅದು ಆಫೀಸಿನ ಮೇಜಿನ ಮೇಲೆ ಒಳಬಂದ ಕಾಗದ ಇಡುತ್ತಿದ್ದ ಟ್ರೇ. ಅದನ್ನು ಬೇಕಾದರೆ ಅಂಚೆಗೆ ಬಿಟ್ಟುಕೊಡೋಣ.

ನನಗೆ ಈ ವ್ಯತ್ಯಾಸ ಬರೀ ನಿಘಂಟಿನದು ಅನ್ನಿಸುವುದಿಲ್ಲ. ಲಕೋಟೆಯ ಮೇಲೆ ಒಬ್ಬರ ಹೆಸರು ಇರುತ್ತದೆ. ಕಂಬಕ್ಕೆ ಅಂಟಿಸಿದ್ದನ್ನು ಬಸ್ಸಿಗೆ ಕಾಯುವವರೂ ಓದುತ್ತಾರೆ. ನಾದಿನಿಯ ಮೇಲಿನ ಸಿಟ್ಟನ್ನು ಪೋಸ್ಟ್ ಹಾಕಿ, 'ಇದು ನಮ್ಮ ಮನೆ ವಿಷಯ, ನೀವ್ಯಾಕೆ ಮಾತಾಡ್ತೀರಿ' ಎಂದು ಕೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕಂಬಕ್ಕೆ ಅಂಟಿಸಿದ್ದು ಯಾರು?

ಪ್ರಶ್ನೆ: ನಮ್ಮ ಕಡೆ ವಿಳಾಸದಾಗ 'ಮು.ಪೋ.' ಅಂತ ಬರೀತೀವ್ರಿ. ಇಂಗ್ಲಿಷಿನಾಗ 'ಅಟ್ ಪೋಸ್ಟ್'. ಬೆಂಗಳೂರಿನ ಕಂಪನಿಯಾಗ ಫಾರಂ ತುಂಬುವಾಗ ಬಾಜೂ ಹುಡುಗ ನಕ್ಕ. ಇದು ತಪ್ಪೇನ್ರಿ?
— ಎಂಜಿನಿಯರ್, ಚಿಕ್ಕೋಡಿ ತಾಲ್ಲೂಕು

ಉತ್ತರ: ನಕ್ಕ ಹುಡುಗನಿಗೆ ಹಳ್ಳಿಗೆ ಕಾಗದ ಹೇಗೆ ಮುಟ್ಟುತ್ತದೆ ಅನ್ನುವುದು ಗೊತ್ತಿಲ್ಲ, ಅಷ್ಟೆ.

ಮು.ಪೋ. ಅಂದರೆ ಮುಕ್ಕಾಂ ಪೋಸ್ಟ್. ಮರಾಠಿ ಸೀಮೆಯ ರೂಢಿ, ಗಡಿಯಲ್ಲಿ ನಿಮ್ಮದೂ ಆಗಿದೆ. ಮುಕ್ಕಾಂ ಅಂದರೆ ನೀವಿರುವ ಊರು. ಪೋಸ್ಟ್ ಅಂದರೆ ಆ ಊರಿಗೆ ಕಾಗದ ಹಂಚುವ ಅಂಚೆ ಕಚೇರಿ ಇರುವ ಊರು. ಎರಡೂ ಒಂದೇ ಆದರೆ 'ಅಟ್ ಪೋಸ್ಟ್' ಎಂದು ಒಟ್ಟಿಗೆ ಬರೆದು ಊರಿನ ಹೆಸರು ಹಾಕುತ್ತೀರಿ. ಬೇರೆ ಬೇರೆ ಆದರೆ ಬಿಡಿಸಿ ಬರೆಯುತ್ತೀರಿ. ನಮ್ಮ ಕಡೆ ಇದನ್ನೇ 'ಇಂಥ ಹಳ್ಳಿ, ಇಂಥ ಅಂಚೆ, ಇಂಥ ಹೋಬಳಿ' ಎಂದು ಬರೆಯುತ್ತೇವೆ. ಲಂಡನ್ನಿನವರಿಗೆ 'ಅಟ್ ಪೋಸ್ಟ್' ಅರ್ಥವಾಗದೆ ಇರಬಹುದು. ಅವರಿಗೇನು, ಕಾಗದ ಮುಟ್ಟಿಸಬೇಕಾದವರು ನಿಮ್ಮ ತಾಲ್ಲೂಕಿನವರು.

ಇದರ ಬೆಲೆ ಗೊತ್ತಿರುವುದು ಸಾರ್ಟರ್‌ಗಳಿಗೆ. ಇವರು ಹೇಳುವುದನ್ನೇ ಬರೆಯುತ್ತೇನೆ. "ಗೂಡು ಗೂಡು ಇರೋ ರ‍್ಯಾಕ್ ಮುಂದೆ ನಿಂತಿರ್ತೀವಿ. ಗಾಡಿ ಅಲ್ಲಾಡ್ತಿರತ್ತೆ. ಒಂದು ಕಾರ್ಡ್ ಬರತ್ತೆ, ಹೊಸಹಳ್ಳಿ ಅಂತ ಬರೆದಿರತ್ತೆ. ಯಾವ ಹೊಸಹಳ್ಳಿ? ಕರ್ನಾಟಕದಲ್ಲಿ ಹೊಸಹಳ್ಳಿಗೇನು ಬರವಾ? ಪೋಸ್ಟ್ ಬರೆದಿದ್ರೆ ಬದುಕಿದೆವು." ಚೀಲ ಕಟ್ಟಿ, ಹುರಿ ಬಿಗಿದು, ಅರಗಿನ ಮುದ್ರೆ ಒತ್ತುವ ಹೊತ್ತಿಗೆ ಮುಂದಿನ ಸ್ಟೇಷನ್ ಬಂದಿರುತ್ತಿತ್ತಂತೆ. ಆ ಡಬ್ಬಿಗೇ ಒಂದು ಕಿಂಡಿ ಇತ್ತು. ತಡವಾದವರು ಪ್ಲಾಟ್‌ಫಾರಮ್ಮಿನಲ್ಲಿ ಓಡಿ ಬಂದು, ಲೇಟ್ ಫೀ ಸ್ಟಾಂಪ್ ಅಂಟಿಸಿದ ಕಾಗದವನ್ನು ಅದರೊಳಗೆ ತೂರಿಸುತ್ತಿದ್ದರು. ಇದಕ್ಕೂ ಪ್ರಶ್ನೆಗೂ ಸಂಬಂಧವಿಲ್ಲ, ಆದರೆ ಬರೆಯದಿದ್ದರೆ ಇವತ್ತು ನನಗೆ ಕಾಫಿ ಸಿಗುವುದಿಲ್ಲ.

ಪಿನ್‌ಕೋಡ್ ಬಂದದ್ದು ಈ ಹೊಸಹಳ್ಳಿ ಗೋಳಿಗೇ. 1972ರ ಆಗಸ್ಟ್ 15ರಂದು ಶುರುವಾಯಿತು. ಆರು ಅಂಕಿ. ಮೊದಲ ಅಂಕಿ ದೇಶದ ಯಾವ ವಲಯ ಅನ್ನುವುದನ್ನು ಹೇಳುತ್ತದೆ, ನಮ್ಮದು 5. ಮೊದಲ ಎರಡು ಅಂಕಿ 56ರಿಂದ 59ರ ಒಳಗಿದ್ದರೆ ಕರ್ನಾಟಕ. ಮೊದಲ ಮೂರು ಸೇರಿದರೆ ಸಾರ್ಟಿಂಗ್ ಜಿಲ್ಲೆ, ನಿಮ್ಮ ಕಡೆ 591, ನಮ್ಮ ಕಡೆ 573. ಕೊನೆಯ ಮೂರು ನಿಮ್ಮ ಅಂಚೆ ಕಚೇರಿಯದ್ದು. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅಂಚೆ ಇಲಾಖೆಯ ದೊಡ್ಡ ಅಧಿಕಾರಿ, ಜೊತೆಗೆ ಸಂಸ್ಕೃತದ ಕವಿ. ದೇಶವನ್ನು ಆರಂಕಿಯಲ್ಲಿ ಅಡಗಿಸಿದವರು ಛಂದಸ್ಸು ಬಲ್ಲವರು ಎಂದು ತಿಳಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ.

ಫಾರಂನಲ್ಲಿ ಮುಂದೆಯೂ 'ಅಟ್ ಪೋಸ್ಟ್' ಎಂದೇ ಬರೆಯಿರಿ.

ಪ್ರಶ್ನೆ: ಮೇಡಂ, ಇಲ್ಲಿ 'ಪೋಸ್ಟ್ ಮಾಡಿದ್ದೇನೆ' ಅಂದರೆ ಫೋನ್ ತೆಗೆದು ನೋಡುತ್ತಾರೆ. ಕಾಗದಕ್ಕೆ 'ಮೇಲ್' ಅನ್ನಬೇಕಂತೆ. ಯಾವುದು ಸರಿ?
— ಕನ್ನಡತಿ, ನ್ಯೂಜೆರ್ಸಿ

ಉತ್ತರ: ಅಲ್ಲಿ ಮೇಲ್, ಇಲ್ಲಿ ಪೋಸ್ಟ್. ಇದ್ದೂರಿನ ಮಾತು ಆಡಿ. ತಮಾಷೆ ಏನೆಂದರೆ ಬ್ರಿಟನ್ನಿನಲ್ಲಿ ಪೋಸ್ಟ್ ತಂದುಕೊಡುವ ಸಂಸ್ಥೆಯ ಹೆಸರು ರಾಯಲ್ ಮೇಲ್. ಅಮೆರಿಕದಲ್ಲಿ ಮೇಲ್ ತಂದುಕೊಡುವುದು ಪೋಸ್ಟಲ್ ಸರ್ವಿಸ್. ಮೇಲ್ ಅಂದರೆ ಹಳೆಯ ಫ್ರೆಂಚಿನಲ್ಲಿ ಚೀಲ. ಚೀಲ ಹೊತ್ತ ರೈಲು ಮೇಲ್ ಗಾಡಿ ಆಯಿತು. ನಾವಂತೂ ಎರಡನ್ನೂ ಇಟ್ಟುಕೊಂಡೆವು, ಜೊತೆಗೆ ಅಂಚೆಯೂ ಇತ್ತು, ಧಾರವಾಡದ ಕಡೆ ಟಪಾಲೂ ಇತ್ತು.

ಪ್ರಶ್ನೆ: ಪೋಸ್ಟ್‌ಗೂ ಪೋಸ್ಟಿಂಗ್‌ಗೂ ಏನು ವ್ಯತ್ಯಾಸ?
— ಸರ್ಕಾರಿ ನೌಕರ, ಊರು ಬೇಡ

ಉತ್ತರ: ಊರು ಬೇಡ ಅಂದದ್ದರಲ್ಲೇ ನಿಮಗೆ ಉತ್ತರ ಗೊತ್ತಿದೆ ಅನ್ನಿಸುತ್ತದೆ. ಪೋಸ್ಟ್ ಅಂದರೆ ಕುರ್ಚಿ, ಅದು ಮಂಜೂರಾಗಬೇಕು. ಪೋಸ್ಟಿಂಗ್ ಅಂದರೆ ನಿಮ್ಮನ್ನು ಯಾವ ಊರಿನ ಕುರ್ಚಿಗೆ ಕಳಿಸಿದರು ಅನ್ನುವುದು. ಪೋಸ್ಟ್ ಇದ್ದೂ ಪೋಸ್ಟಿಂಗ್ ಇಲ್ಲದೆ ಆದೇಶಕ್ಕೆ ಕಾಯುವವರ ಪಾಡು ಇಂಗ್ಲಿಷ್ ನಿಘಂಟಿನಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಪೋಸ್ಟ್‌ಪೋನ್ ಸರಿ, ಪ್ರಿಪೋನ್ ತಪ್ಪು ಅಂತ ನಮ್ಮ ಲೆಕ್ಚರರ್ ಕೆಂಪು ಗೆರೆ ಎಳೆದರು. ಮೀಟಿಂಗನ್ನು ಮುಂಚೆಗೆ ತಂದರೆ ಏನನ್ನಬೇಕು?
— ಎಂ.ಕಾಂ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಈ ಕೆಂಪು ಗೆರೆ ಎಳೆಯುವವರನ್ನು ನಾನು ಸ್ಟಾಫ್ ರೂಮಿನಲ್ಲಿ ಬಹಳ ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ.

ಮೊದಲು ಪೋಸ್ಟ್‌ಪೋನ್ ಬಿಡಿಸಿ ನೋಡಿ. ಪೋಸ್ಟ್ ಅಂದರೆ ಆಮೇಲೆ. ಪೋನ್ ಎಲ್ಲಿಂದ ಬಂತು? ಮೇಲೆ ಹೇಳಿದ 'ಪೊನೆರೆ'ಯಿಂದ, ಅಂದರೆ ಇಡುವುದು. ಆಮೇಲಕ್ಕೆ ಇಡುವುದು ಪೋಸ್ಟ್‌ಪೋನ್. ಅಂಚೆಯ ಪೋಸ್ಟು ಈ ಪದದ ಬಾಲದಲ್ಲಿದೆ, ತಲೆಯಲ್ಲಿಲ್ಲ. ಈಗ ತಲೆಗೆ 'ಮುಂಚೆ' ಎಂಬ ಅರ್ಥದ 'ಪ್ರಿ' ಹಾಕಿದರೆ ಮುಂಚಕ್ಕೆ ಇಡುವುದು ಆಗುತ್ತದೆ. ಇದರಲ್ಲಿ ಯಾವ ವ್ಯಾಕರಣ ಮುರಿಯಿತು?

ಇದು ನಮ್ಮವರು ಮಾಡಿದ ಎಡವಟ್ಟು ಎಂದು ನಗುವವರಿಗೆ ಇನ್ನೊಂದು ವಿಷಯ. 1913ರಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಓದುಗರೊಬ್ಬರು ಪತ್ರ ಬರೆದು, ಪೋಸ್ಟ್‌ಪೋನ್‌ಗೆ ಎದುರಾಗಿ ಪ್ರಿಪೋನ್ ಎಂಬ ಪದ ಬೇಕು ಎಂದು ಸೂಚಿಸಿದ್ದರು. ಅಲ್ಲಿ ಯಾರೂ ಕಿವಿಗೊಡಲಿಲ್ಲ, ಇಲ್ಲಿ ಬಳಕೆಗೆ ಬಂತು. ಆಕ್ಸ್‌ಫರ್ಡ್ ನಿಘಂಟು ಈಗ ಅದನ್ನು ಭಾರತದ ಇಂಗ್ಲಿಷಿನ ಪದವೆಂದು ಸೇರಿಸಿಕೊಂಡಿದೆ. ಬ್ರಿಟಿಷರು ಹೇಳುವ 'ಬ್ರಿಂಗ್ ಫಾರ್ವರ್ಡ್' ಕೇಳಿದರೆ ಮುಂಚೆಯೋ ಮುಂದಕ್ಕೋ ಎಂದು ನಮ್ಮ ಮಕ್ಕಳು ಒದ್ದಾಡುತ್ತಾರೆ. ಪ್ರಿಪೋನ್‌ನಲ್ಲಿ ಆ ಗೊಂದಲವಿಲ್ಲ. ಆದರೆ ಪರೀಕ್ಷೆಯಲ್ಲಿ ಅಂಕ ಕೊಡುವವರು ನಾನಲ್ಲ. ಆ ಮೂರು ಗಂಟೆ ನಿಮ್ಮ ಲೆಕ್ಚರರ್ ಹೇಳಿದ್ದನ್ನೇ ಬರೆಯಿರಿ.

ಇದೇ 'ಆಮೇಲೆ' ಮನೆಯ ಇನ್ನೆರಡು ಪದ ನನಗೆ ಇಷ್ಟ. 'ಪ್ರಿಪಾಸ್ಟರಸ್' ಅಂದರೆ ತಲೆಬುಡವಿಲ್ಲದ್ದು. ಅದರೊಳಗೆ ಮುಂಚೆ, ಆಮೇಲೆ ಎರಡೂ ಒಟ್ಟಿಗೆ ಇವೆ. ಹಿಂದುಮುಂದಾಗಿದೆ ಅಂತ ನಾವು ಅನ್ನುವುದಿಲ್ಲವೇ, ಹಾಗೆ. ಇನ್ನೊಂದು, ಮರಣೋತ್ತರ ಪ್ರಶಸ್ತಿಗೆ ಬಳಸುವ 'ಪಾಸ್ಟ್ಯುಮಸ್'. ಲ್ಯಾಟಿನ್ನಿನಲ್ಲಿ ಅದು 'ಪೋಸ್ಟುಮುಸ್', ಅರ್ಥ 'ಕೊನೆಯ'. ಅಪ್ಪ ಸತ್ತ ಮೇಲೆ ಹುಟ್ಟಿದ ಮಗುವಿಗೆ ಹಾಗೆನ್ನುತ್ತಿದ್ದರು. ಮಣ್ಣಿಗೆ ಲ್ಯಾಟಿನ್ನಿನಲ್ಲಿ 'ಹ್ಯೂಮಸ್'. ಸಾವು ಅಂದಮೇಲೆ ಮಣ್ಣು ಇರಲೇಬೇಕು ಎಂದುಕೊಂಡು ಯಾರೋ ನಡುವೆ ಒಂದು ಎಚ್ ತುರುಕಿದರು. ಆ ಎಚ್ ಬರೆಯಬೇಕು, ಓದಬಾರದು. ಸಮಾರಂಭಗಳಲ್ಲಿ 'ಪೋಸ್ಟ್ ಹ್ಯೂಮಸ್' ಎಂದು ಮೈಕಿನಲ್ಲಿ ಕೂಗುವ ನಿರೂಪಕರು ದಯವಿಟ್ಟು ಗಮನಿಸಿ.

ಪ್ರಶ್ನೆ: ನಮ್ಮ ಚುನಾವಣೆಗೆ 'ಫಸ್ಟ್ ಪಾಸ್ಟ್ ದಿ ಪೋಸ್ಟ್' ಅನ್ನುತ್ತಾರೆ. ಯಾವ ಪೋಸ್ಟು? ಹುದ್ದೆಯಾ?
— ವ್ಯಾಪಾರಿ, ಚಾಮರಾಜನಗರ

ಉತ್ತರ: ಹುದ್ದೆ ಅಂದುಕೊಳ್ಳುವುದು ಸಹಜ, ಕೊನೆಗೆ ಸಿಗುವುದು ಅದೇ ಅಲ್ವಾ! ಆದರೆ ಇದು ಕಂಬ. ಕುದುರೆ ರೇಸಿನ ಗೆಲುವಿನ ಕಂಬ. ಅದನ್ನು ಮೊದಲು ದಾಟಿದ ಕುದುರೆ ಗೆದ್ದ ಹಾಗೆ. ನನಗೆ ಈ ಹೋಲಿಕೆ ಪೂರ್ತಿ ಹಿಡಿಸಿಲ್ಲ. ರೇಸಿನಲ್ಲಿ ಕಂಬ ಒಂದು ಕಡೆ ನೆಟ್ಟಿರುತ್ತದೆ. ಚುನಾವಣೆಯಲ್ಲಿ ಇಷ್ಟು ಮತ ದಾಟಬೇಕು ಎಂಬ ಕಂಬವೇ ಇಲ್ಲ, ಎರಡನೆಯವರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು. ಅದನ್ನು ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕೇ? 2004ರ ವಿಧಾನಸಭೆ ಚುನಾವಣೆ, ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಪ್ರಶ್ನೆ: 'ಫ್ರಂ ಪಿಲ್ಲರ್ ಟು ಪೋಸ್ಟ್' ಅನ್ನುವುದನ್ನು ಕನ್ನಡದಲ್ಲಿ 'ಕಂಬದಿಂದ ಕಂಬಕ್ಕೆ' ಎಂದು ಬರೆದೆ. ಸಂಪಾದಕರು ಹೊಡೆದು ಹಾಕಿದರು.
— ಹವ್ಯಾಸಿ ಅನುವಾದಕಿ, ಶಿವಮೊಗ್ಗ

ಉತ್ತರ: ಒಳ್ಳೆಯ ಸಂಪಾದಕರು. ಇಂಗ್ಲಿಷಿನಲ್ಲೂ ಅದು ಮೊದಲಿಗೆ 'ಪೋಸ್ಟಿನಿಂದ ಪಿಲ್ಲರಿಗೆ' ಎಂದೇ ಇತ್ತು, ಆಮೇಲೆ ತಿರುವುಮುರುವಾಯಿತು. ಹಳೆಯ ಕಾಲದ ಒಳಾಂಗಣ ಟೆನಿಸ್ಸಿನಲ್ಲಿ ಚೆಂಡು ಆ ಕಂಬ ಈ ಕಂಬಕ್ಕೆ ಬಡಿದು ಬರುತ್ತಿದ್ದುದರಿಂದ ಹುಟ್ಟಿತು ಎಂದು ಹಲವರು ಹೇಳುತ್ತಾರೆ. ನಮ್ಮಲ್ಲಿ ಕಂಬ ಯಾಕೆ? 'ಅಲೆದು ಅಲೆದು ಚಪ್ಪಲಿ ಸವೆಯಿತು' ಎಂದರೆ ತಾಲ್ಲೂಕು ಕಚೇರಿ ಕಂಡವರಿಗೆಲ್ಲ ಅರ್ಥವಾಗುತ್ತದೆ.

ಪ್ರಶ್ನೆ: ಬಾಸ್ ಪ್ರತಿ ಮೇಲ್ ಕೊನೆಗೆ 'ಕೀಪ್ ಮಿ ಪೋಸ್ಟೆಡ್' ಎಂದು ಬರೆಯುತ್ತಾರೆ. ಏನು ಕಳಿಸಬೇಕು ಅವರಿಗೆ?
— ಹೊಸದಾಗಿ ಕೆಲಸಕ್ಕೆ ಸೇರಿದವನು, ಮೈಸೂರು

ಉತ್ತರ: ಇದು ಲೆಕ್ಕದ ಪುಸ್ತಕದಿಂದ ಬಂದ ಮಾತು. ದಿನವಹಿಯಲ್ಲಿ ಬರೆದ ಜಮಾಖರ್ಚನ್ನು ಲೆಡ್ಜರಿಗೆ ಏರಿಸುವುದಕ್ಕೆ ಪೋಸ್ಟಿಂಗ್ ಅನ್ನುತ್ತಾರೆ. ಇವತ್ತಿಗೂ ಅನ್ನುತ್ತಾರೆ, ನಿಮ್ಮ ಅಕೌಂಟೆಂಟನ್ನು ಕೇಳಿ. ಇಂದಿನವರೆಗಿನ ಲೆಕ್ಕ ಏರಿಸಿದ್ದರೆ ಪುಸ್ತಕ 'ಪೋಸ್ಟೆಡ್' ಆಗಿದೆ ಎಂದರ್ಥ. ಅಮೆರಿಕದವರು 19ನೇ ಶತಮಾನದಲ್ಲಿ ಅದನ್ನು ಮನುಷ್ಯರಿಗೂ ಹೇಳತೊಡಗಿದರು. ನಿಮ್ಮ ಬಾಸ್ ಕೇಳುತ್ತಿರುವುದು ಉದ್ದದ ವರದಿಯನ್ನಲ್ಲ. ಕೆಲಸ ಎಲ್ಲಿಗೆ ಬಂತು ಎಂದು ಸಂಜೆಯೊಳಗೆ ಒಂದು ಸಾಲು ತಿಳಿಸಿ. ಕೆಲಸ ಎಲ್ಲಿಗೂ ಬಂದಿಲ್ಲದಿದ್ದರೆ ಅದನ್ನು ಬೆಳಗ್ಗೆಯೇ ತಿಳಿಸಿ.